ಕೆಂಪಿಯ ಹಗ್ಗ

ಹೋದ ದಸರಾ ರಜೆಯಲ್ಲಿ ಮಂಗಳೂರಿಗೆ ಹೋಗಿದ್ದೆವು. ಮಗನಿಗೆ ಅಲ್ಲಿ ಕೆಲಸ. ಅವನೇ ಕಾರು ತಂದು ಹಾಸನದಿಂದ ನನ್ನನ್ನೂ ಅವನ ಅಮ್ಮನನ್ನೂ ಹತ್ತಿಸಿಕೊಂಡ. ಜೊತೆಗೆ ಆರನೇ ಕ್ಲಾಸಿನ ಮೊಮ್ಮಗಳು. ಸಕಲೇಶಪುರದಲ್ಲಿ ಕಾಫಿ ಕುಡಿದು ಹೊರಟ ಮೇಲೆ ಅವಳು ಮುಂದಿನ ಸೀಟಿನಲ್ಲಿದ್ದ ನನ್ನ ಭುಜ ಅಲ್ಲಾಡಿಸಿದಳು.

"ತಾತ, ನೀನು ಈ ರೋಡಲ್ಲಿ ಲಾರಿ ಓಡಿಸ್ತಿದ್ದೆಯಂತೆ. ಯಾಕೆ ಬಿಟ್ಟೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು. "ನನ್ನ ಕಟ್ಟಿಕೊಳ್ಳೋದಕ್ಕೆ ಬಿಟ್ಟರು. ಹೇಳಿ, ಹೇಳಿ. ಮಗೂಗೂ ಗೊತ್ತಾಗಲಿ."

ಸರಿ, ಹೇಳುತ್ತೇನೆ. ಆದರೆ ಆ ಲಾರಿಯ ವಿಷಯ ಈ ದಾರಿಯ ವಿಷಯ ಬಿಟ್ಟು ಹೇಳಲು ಬರುವುದಿಲ್ಲ.

1978ರಲ್ಲಿ ನಾನು ಕೊಂಡಾಗ ಅದು ಆಗಲೇ 12 ವರ್ಷದ ಮುದಿ ಗಾಡಿ. ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ 1954ರಿಂದ ಲಾರಿ ಮಾಡುತ್ತಿದ್ದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ನನ್ನದು ಅದಕ್ಕೂ ಮೊದಲಿನದು. ಹಾಗಾಗಿ ಅದರ ಉದ್ದ ಮೂತಿಯ ಮೇಲೆ ಬೆಂಜ್‌ನ ಮೂರು ಕಾಲಿನ ನಕ್ಷತ್ರ ಇತ್ತು. ಬಣ್ಣ ಕೆಂಪು. ನಮ್ಮ ಅಮ್ಮ ಮೊದಲ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, "ನಮ್ಮ ಕೆಂಪಿ ಇದ್ದ ಹಾಗೇ ಇದೆ ಕಣೋ" ಅಂದಳು. ಕೆಂಪಿ ನಮ್ಮ ಹಟ್ಟಿಯಲ್ಲಿದ್ದ ಹಸು. ಅವತ್ತಿನಿಂದ ಲಾರಿಯ ಹೆಸರೂ ಕೆಂಪಿ.

ಈಗಿನ ಲಾರಿಗಳಂತೆ ಅದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ಘಾಟಿಯ ಒಂದು ತಿರುವು ತಿರುಗಿಸುವಷ್ಟರಲ್ಲಿ ರಾಗಿ ಬೀಸಿದಷ್ಟು ಕೈ ನೋವು. ಕ್ಯಾಬಿನ್ನಿನ ಒಳಗೆ ಇಂಜಿನ್ನಿನ ಕಾವು. ಮಳೆಗಾಲದಲ್ಲಿ ಅದೇ ಕಾವು ಹಿತ. ಒದ್ದೆ ಟವೆಲನ್ನು ಕಾಲ ಬಳಿ ಹರಡಿದರೆ ಗುಂಡ್ಯ ಬರುವಷ್ಟರಲ್ಲಿ ಒಣಗಿರುತ್ತಿತ್ತು.

ನಮ್ಮ ಬಾಡಿಗೆ ಸರಳ. ಹಾಸನದ ಆಲೂಗಡ್ಡೆ ಕೆಳಕ್ಕೆ, ಮಂಗಳೂರಿನ ಹೆಂಚು ಮೇಲಕ್ಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಕೆಂಪು ಹೆಂಚು ದೇಶವೆಲ್ಲ ಹರಡಿತು. ಹಾಸನ ಸೀಮೆಯಲ್ಲಿ ಇವತ್ತೂ ಹಳೇ ಶಾಲೆಗಳ ಮಾಡಿನ ಮೇಲೆ ಅದೇ ಹೆಂಚು. ಅದರಲ್ಲಿ ಎಷ್ಟೋ ಹೆಂಚು ನನ್ನ ಕೆಂಪಿಯ ಬೆನ್ನ ಮೇಲೆ ಘಾಟಿ ಹತ್ತಿದ್ದು. ಹುಲ್ಲು ಹಾಸಿ ಜೋಡಿಸದಿದ್ದರೆ ಅರ್ಧ ದಾರಿಗೇ ಚೂರು.

ಕಾರು ದೋಣಿಗಾಲ್ ದಾಟಿತು. ಎಡಗಡೆ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಮೊಮ್ಮಗಳಿಗೆ ಕೋಟೆಗಿಂತ ಇನ್ನೊಂದು ಮಾತು ಹೆಚ್ಚು ಹಿಡಿಸಿತು. ಈ ಬೆಟ್ಟದ ಸಾಲು ಮನೆಯ ಮಾಡಿನ ನೆತ್ತಿ ಇದ್ದ ಹಾಗೆ. ಸಕಲೇಶಪುರದ ಕಡೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯ ಜೊತೆ ಮೂಡಣ ಸಮುದ್ರಕ್ಕೆ ಹೋಗುತ್ತದೆ. ನಾಲ್ಕು ಹೆಜ್ಜೆ ಈಚೆ ಬಿದ್ದದ್ದು ಕೆಂಪುಹೊಳೆ ಸೇರಿ, ಗುಂಡ್ಯ ಹೊಳೆಯಾಗಿ, ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಪಡುವಣ ಸಮುದ್ರಕ್ಕೆ.

"ಅಂದ್ರೆ ಅಕ್ಕಪಕ್ಕ ಬಿದ್ದ ಎರಡು ಹನಿ ಮತ್ತೆ ಸಿಗೋದೇ ಇಲ್ವಾ?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮಾರನಹಳ್ಳಿ ದಾಟಿದರೆ ಶಿರಾಡಿ ಘಾಟಿ. ಗುಂಡ್ಯದವರೆಗೆ ಸುಮಾರು 26 ಕಿಲೋಮೀಟರ್ ಕಾಡು, ತಿರುವು, ಪಕ್ಕದಲ್ಲೇ ಹೊಳೆ. ಈಗ ಕಾಂಕ್ರೀಟ್ ರಸ್ತೆ. 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ತಿಂಗಳುಗಟ್ಟಲೆ ದಾರಿ ಮುಚ್ಚಿ ಹಾಕಿದ್ದು. ನನ್ನ ಕಾಲದಲ್ಲಿ ಟಾರು ಇತ್ತು ಅನ್ನುವುದು ಕಾಗದದ ಮೇಲಿನ ಮಾತು. ಆಗಸ್ಟ್ ತಿಂಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಮಗ ಗೇರು ಬದಲಾಯಿಸಿದ. ನನಗೆ ಸಮಾಧಾನವಾಯಿತು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ನನಗೆ ಕಲಿಸಿದ ಹಿರಿಯ ಡ್ರೈವರ್ ಹೇಳುತ್ತಿದ್ದರು. ಸಣ್ಣ ಗೇರಿನಲ್ಲಿದ್ದರೆ ಇಂಜಿನ್ನೇ ಚಕ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಬ್ರೇಕನ್ನೇ ನಂಬಿದರೆ ಬ್ರೇಕಿನ ಡ್ರಮ್ಮು ಕಾದು ಕೆಂಡವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಕ್ಲೀನರ್ ಹುಡುಗ ಮರದ ತುಂಡು ಹಿಡಿದು ಬಾಗಿಲ ಬಳಿ ಸಿದ್ಧನಾಗಿರಬೇಕು. ಲೋಡಿಗೆ ಸೋತು ಲಾರಿ ನಿಂತರೆ ಅವನು ಹಾರಿ ಹಿಂದಿನ ಚಕ್ರಕ್ಕೆ ತುಂಡು ಕೊಡಬೇಕು. ಕೆಲವರು ಕಲ್ಲು ಕೊಟ್ಟು, ಹೊರಡುವಾಗ ಅದನ್ನು ರಸ್ತೆ ಮಧ್ಯವೇ ಬಿಟ್ಟು ಹೋಗುತ್ತಿದ್ದರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

1984ರಲ್ಲಿ ಸಕಲೇಶಪುರದ ಒಂದು ಮನೆಗೆ ಹೆಣ್ಣು ನೋಡಲು ಹೋದೆವು. ಹುಡುಗಿಯ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಎಡಕುಮೇರಿ ಸ್ಟೇಷನ್ನಿನ ಕಡೆ ಹಳಿ ನೋಡಿಕೊಳ್ಳುವ ಕೆಲಸ. ಮಾತು ಕಡಿಮೆ. ಉಪ್ಪಿಟ್ಟು, ಬಾಳೆಹಣ್ಣು ಮುಗಿದ ಮೇಲೆ ಒಂದೇ ಮಾತು ಆಡಿದರು: "ಹುಡುಗ ಒಪ್ಪಿಗೆ. ಲಾರಿ ಒಪ್ಪಿಗೆಯಿಲ್ಲ. ಘಾಟಿ ಇಳಿಯೋದು ಬಿಟ್ಟರೆ ಮಗಳನ್ನ ಕೊಡ್ತೀನಿ."

ನನಗೆ ಮೈ ಉರಿಯಿತು. ಅದು ನನ್ನ ಅನ್ನ. ಸಾಲ ತೀರಿ ಎಂಟು ತಿಂಗಳು ಆಗಿತ್ತಷ್ಟೆ. ಎದ್ದು ಬರೋಣ ಎಂದು ಅಮ್ಮನ ಮುಖ ನೋಡಿದೆ. ಆಗ ಬಾಗಿಲ ಬಳಿ ನಿಂತಿದ್ದ ಹುಡುಗಿ ನನ್ನನ್ನೇ ಕೇಳಿದಳು.

"ನಿಮ್ಮ ಲಾರಿಗೆ ಹೆಸರು ಇಟ್ಟಿದ್ದೀರಂತೆ. ಏನು?"

"ಕೆಂಪಿ" ಅಂದೆ. ನಕ್ಕಳು. ಗೇಲಿಯ ನಗು ಅಲ್ಲ. ನಾನು ಎದ್ದು ಬರಲಿಲ್ಲ.

ಹದಿನೈದು ದಿನ ನಿದ್ದೆ ಇಲ್ಲ. ಕೊನೆಗೆ ಮಂಗಳೂರಿನ ಹೆಂಚಿನ ವ್ಯಾಪಾರಿಯೊಬ್ಬರಿಗೆ ಹೇಳಿ ಕಳಿಸಿದೆ. 42,000 ರೂಪಾಯಿಗೆ ಮಾತಾಯಿತು. ಸೆಪ್ಟೆಂಬರ್ ತಿಂಗಳು, ಹೊಸ ಆಲೂಗಡ್ಡೆ ಕಿತ್ತ ಕಾಲ. ಬರಿಗಾಡಿ ಯಾಕೆ ಒಯ್ಯಬೇಕೆಂದು ಕೊನೆಯ ಟ್ರಿಪ್ಪಿಗೂ ಲೋಡು ಹಾಕಿಸಿದೆ. ಹೊರಡುವಾಗ ಅಮ್ಮ ಚಕ್ರಕ್ಕೆ ನೀರು ಹಾಕಿ ಒಂದು ಮಾತು ಹೇಳಿದಳು.

"ಹಗ್ಗ ಕೊಡಬೇಡ ಕಣೋ."

ನಿಮ್ಮ ಅಜ್ಜ ಅಜ್ಜಿ ಹಳ್ಳಿಯವರಾದರೆ ಅವರಿಗೆ ಗೊತ್ತಿರುತ್ತದೆ. ಹಸು ಮಾರಿದರೆ ಕೊರಳಿನ ಹಗ್ಗ ಕೊಡುವುದಿಲ್ಲ, ಬಿಚ್ಚಿ ಮನೆಗೆ ತರುತ್ತಾರೆ. ಹಗ್ಗ ಹೋದರೆ ಹಟ್ಟಿಯ ಭಾಗ್ಯವೂ ಹೋಗುತ್ತದೆ ಎಂಬ ನಂಬಿಕೆ. ಲಾರಿಗೆಲ್ಲಿಯ ಕೊರಳ ಹಗ್ಗ? ಅಮ್ಮ ಹೇಳಿದ್ದು ಟಾರ್ಪಾಲಿಗೆ ಕಟ್ಟುವ ಹಗ್ಗ.

ಆ ದಿನ ಘಾಟಿಯಲ್ಲಿ ಮಂಜು ಕವಿದಿತ್ತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಸುಮ್ಮನೆ ಇಳಿದೆ. ಕ್ಲೀನರ್ ಹುಡುಗನೂ ಮಾತಾಡಲಿಲ್ಲ. ಅವನಿಗೂ ಅದು ಕೊನೆಯ ಟ್ರಿಪ್ಪು. ಒಂದು ತೊರೆಯ ಬಳಿ ನಿಲ್ಲಿಸಿ ರೇಡಿಯೇಟರಿಗೆ ನೀರು ತುಂಬಿಸಿದೆವು. ಅಗತ್ಯವೇನೂ ಇರಲಿಲ್ಲ.

ಹಳೇ ಬಂದರಿನಲ್ಲಿ ಮೂಟೆ ಇಳಿಸಿ, ವ್ಯಾಪಾರಿಯ ಅಂಗಳಕ್ಕೆ ಒಯ್ದು ನಿಲ್ಲಿಸಿದೆ. ದುಡ್ಡು ಎಣಿಸಿ ಕೊಟ್ಟರು. ನಾನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡದ್ದು ನೋಡಿ, "ಎಂತ ಮಾರಾಯ್ರೆ, ಲಾರಿಯೇ ಕೊಟ್ಟಿರಿ, ಹಗ್ಗ ಕೊಡ್ಲಿಕ್ಕೆ ಆಗುದಿಲ್ವಾ?" ಎಂದರು. ಕಾರಣ ಹೇಳಿದೆ. ಅವರು ನಗಲಿಲ್ಲ. "ನಮ್ಮಲ್ಲಿಯೂ ಹಾಗೇ" ಎಂದು, ಊಟ ಮಾಡಿಸಿಯೇ ಕಳಿಸಿದರು.

ಬಸ್ಸಿನಲ್ಲಿ ಆ ದಾರಿಯಲ್ಲೇ ಪ್ರಯಾಣಿಕನಾಗಿ ಬರಲು ಮನಸ್ಸಾಗಲಿಲ್ಲ. ಮರುದಿನ ಹಗಲಿನ ರೈಲು ಹತ್ತಿದೆ. ಈ ರೈಲುದಾರಿ ಶುರುವಾದದ್ದು 1979ರಲ್ಲಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ 57 ಸುರಂಗ, 109 ಸೇತುವೆ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಅಷ್ಟು ಕಡಿದು. ಆರು ವರ್ಷ ಕೆಳಗಿನ ರಸ್ತೆಯಲ್ಲಿ ಓಡಾಡಿದ್ದರೂ ನಾನು ಒಂದು ದಿನವೂ ಆ ರೈಲು ಹತ್ತಿರಲಿಲ್ಲ.

ಎಡಕುಮೇರಿಯಲ್ಲಿ ಗಾಡಿ ನಿಂತಿತು. ಸುತ್ತ ಕಾಡು ಬಿಟ್ಟರೆ ಊರೇ ಇಲ್ಲದ ಸ್ಟೇಷನ್. ಪ್ಲಾಟ್‌ಫಾರ್ಮಿನಲ್ಲಿ ಗೋಣಿಕೊಪ್ಪೆ ಹಾಕಿ ನಿಂತಿದ್ದವರು ಹುಡುಗಿಯ ಅಪ್ಪ. ನನ್ನನ್ನು ಕಂಡು ಕಿಟಕಿಯ ಬಳಿಗೆ ಬಂದರು.

"ಮಾರಿದೆಯೇನಪ್ಪ?"

"ಮಾರಿದೆ."

ನನ್ನ ಧ್ವನಿ ಒರಟಾಗಿತ್ತು. ಅವರ ಕಣ್ಣು ಹಗ್ಗದ ಮೇಲೆ ಹೋಯಿತು. ಅಮ್ಮನ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣಿವೆಯ ಆಚೆಗೆ ಕೈ ತೋರಿಸಿದರು. ಮಂಜು ಸರಿದಿತ್ತು. ಕಾಡಿನ ನಡುವೆ ಎಲ್ಲೋ ಒಂದು ತುಂಡು ರಸ್ತೆ. ಅದರ ಮೇಲೆ ಇರುವೆ ಸಾಲಿನಂತೆ ಲಾರಿಗಳು. ಸದ್ದೇ ಇಲ್ಲ. ಅದರ ಕೆಳಗೆ ಹೊಳೆಯವರೆಗೂ ಪ್ರಪಾತ. ಸ್ಟೀರಿಂಗ್ ಹಿಡಿದವನಿಗೆ ಎದುರಿನ ತಿರುವು ಕಾಣುತ್ತದೆ, ಕೆಳಗಿರುವುದು ಕಾಣುವುದಿಲ್ಲ. ನಾನು ಅದನ್ನು ನೋಡಿದ್ದು ಅವತ್ತೇ ಮೊದಲು.

"ಎರಡು ವರ್ಷದ ಹಿಂದೆ ಅಲ್ಲಿಂದ ಒಂದು ಬಿತ್ತು" ಅಂದರು. "ನಾವು ಹಗ್ಗ ತಗೊಂಡು ಹೊಳೆಗೆ ಇಳಿದ್ವಿ. ಡ್ರೈವರ್ ಉಳೀಲಿಲ್ಲ. ನಿನ್ನದೇ ವಯಸ್ಸು."

ಶಿಳ್ಳೆ ಹಾಕಿತು. ಅವರು ಒಂದು ಪೊಟ್ಟಣ ಹುರಿಗಡಲೆಯನ್ನು ಕಿಟಕಿಯೊಳಗೆ ತುರುಕಿ ಹಿಂದೆ ಸರಿದರು. ಅವರ ಜೊತೆ ಮುಂದೆ ಇಪ್ಪತ್ತೇಳು ವರ್ಷ ಒಡನಾಟ ಇತ್ತು. ಆ ಮಾತನ್ನು ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೀಪಾವಳಿ ಕಳೆದು ಮದುವೆಯಾಯಿತು. ಉಳಿದ ದುಡ್ಡಿನಲ್ಲಿ ಹಾಸನದಲ್ಲಿ ಟೈರಿನ ಅಂಗಡಿ ಹಾಕಿದೆ. ಒಳ್ಳೆಯದೇ ಆಯಿತು ಎಂದು ಹೇಳಬೇಕು. ಆದರೆ ನಿಜ ಹೇಳಲೇ? ಮೊದಲ ಎರಡು ಮಳೆಗಾಲ ರಾತ್ರಿ ಲಾರಿಯ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದೆ. ಇವಳು ಏನೂ ಕೇಳದೆ ಕಾಫಿ ಇಡುತ್ತಿದ್ದಳು.

ಕೆಂಪಿಯನ್ನು ಇನ್ನೊಂದು ಸಲ ನೋಡಿದೆ, 1991ರಲ್ಲಿ, ಬಿ.ಸಿ. ರೋಡಿನಲ್ಲಿ. ಕಟ್ಟಡದ ಕೆಂಪು ಕಲ್ಲು ಹೇರಿಕೊಂಡು ನಿಂತಿತ್ತು. ಯಾರೋ ನೀಲಿ ಬಣ್ಣ ಬಳಿದಿದ್ದರು. ನಕ್ಷತ್ರ ಇರಲಿಲ್ಲ. ಬಾನೆಟ್ಟಿನ ಮೇಲೆ ಕೈ ಇಟ್ಟೆ, ಬಿಸಿ ಇತ್ತು. "ಎಂತ ಬೇಕು?" ಎಂದು ಡ್ರೈವರ್ ಗದರಿದ. ಏನಿಲ್ಲ ಅಂದೆ. ಆಮೇಲೆ ತಡೆಯಲಾರದೆ, "ಸೆಕೆಂಡ್ ಗೇರು ಹಾಕುವಾಗ ಸ್ವಲ್ಪ ಎಡಕ್ಕೆ ಒತ್ತಬೇಕು" ಅಂದೆ. ಅವನು ನನ್ನನ್ನೇ ನೋಡುತ್ತ, "ಹೌದು" ಅಂದ.

ಮಂಗಳೂರಿನಲ್ಲಿ ಮೂರು ದಿನ ಇದ್ದು ನಾವು ಮೂವರೂ ರೈಲಿನಲ್ಲಿ ವಾಪಸು ಬಂದೆವು. ಮೊಮ್ಮಗಳದೇ ಹಟ. ಈಗ ಅದೇ ದಾರಿಯಲ್ಲಿ ದೊಡ್ಡ ಗೇಜಿನ ಹಳಿ. ಅದನ್ನು ಹಾಕಲೆಂದು 1996ರಲ್ಲಿ ನಿಂತ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರಲ್ಲಿ. ಗಾಜಿನ ಮಾಡಿನ ಬೋಗಿಯೂ ಇದೆ. ನಾವು ಕೂತದ್ದು ಸಾದಾ ಬೋಗಿಯಲ್ಲಿ. ಮಗು ಸುರಂಗ ಎಣಿಸುತ್ತ ಎಣಿಸುತ್ತ ಮೂವತ್ತೊಂದಕ್ಕೆ ನಿದ್ದೆ ಹೋದಳು. ಮನೆಯ ಹಿತ್ತಲಿನ ಹಲಸಿನ ಮರದಲ್ಲಿ ಅವಳು ಜೀಕುವ ಉಯ್ಯಾಲೆ ಅದೇ ಟಾರ್ಪಾಲಿನ ಹಗ್ಗದ್ದು. ಅರ್ಧ ಇಲಿ ಕಡಿದು ಹೋಗಿ ಉಳಿದದ್ದು. ಅದನ್ನು ಅವಳಿಗೆ ಊರಿಗೆ ಹೋದ ಮೇಲೆ ಹೇಳೋಣ ಎಂದುಕೊಂಡೆ.

ಎಡಕುಮೇರಿ ಬಂದಾಗ ಹೊರಗೆ ಬರೀ ಮಂಜು. ರಸ್ತೆಯೂ ಇಲ್ಲ, ಲಾರಿಯೂ ಇಲ್ಲ. ಇವಳು ಕಿಟಕಿಯ ಸರಳಿಗೆ ಹಣೆ ಒತ್ತಿ, "ಅಪ್ಪ ಇಲ್ಲೇ ನಿಂತಿರ್ತಿದ್ರು" ಅಂದಳು. ಆಮೇಲೆ ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದು ನನ್ನ ಕಡೆ ಚಾಚಿದಳು.