ಕಾನ್ವೆಂಟಿನ ಪಾಟಿಚೀಲ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮಳೆಗಾಲವೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಹಿಂದಿನ ಕಾಲದ ಮಕ್ಕಳು ಗೊರಬನ್ನೋ ಕಂಬಳಿಕೊಪ್ಪೆಯನ್ನೋ ಹೊದ್ದು, ಸಂಕ ದಾಟಿ, ಪಾಟಿಯನ್ನು ಎದೆಗವಚಿಕೊಂಡು ಶಾಲೆಗೆ ನಡೆಯುತ್ತಿದ್ದರು. ಈಗ ಕಾಡಿನ ನಡುವಣ ಒಂಟಿಮನೆಯ ಮುಂದೆಯೂ ಹಳದಿ ಬಣ್ಣದ ವಾಹನವೊಂದು ಬಂದು ನಿಲ್ಲುತ್ತದೆ. ಟೈ ಕಟ್ಟಿದ ಮಗುವೊಂದು ತನ್ನ ಬೆನ್ನಿಗಿಂತ ದೊಡ್ಡದಾದ ಚೀಲವನ್ನು ಹೊತ್ತು ಅದನ್ನೇರುತ್ತದೆ. ಜಗಲಿಯ ಮೇಲೆ ನಿಂತ ಅಜ್ಜಿ, ಕೇಳಿದವರಿಗೆಲ್ಲ, "ನಮ್ಮ ಕೂಸು ಕಾನ್ವೆಂಟಿಗೆ ಹೋಗುತ್ತದೆ" ಎಂದು ಹೇಳುತ್ತಾಳೆ.

ಈ 'ಕಾನ್ವೆಂಟು' ಎಂಬ ಶಬ್ದದ ಕಥೆಯೇ ವಿನೋದವಾದದ್ದು. ಮೂಲದಲ್ಲಿ ಅದು ಶಾಲೆಯ ಹೆಸರಲ್ಲ. ಕ್ರೈಸ್ತ ಸಂನ್ಯಾಸಿನಿಯರು ವಾಸಮಾಡುವ ಮಠದ ಹೆಸರು. ಮಠದ ಭಗಿನಿಯರು ಪಕ್ಕದಲ್ಲೊಂದು ಶಾಲೆಯನ್ನು ನಡೆಸಿದರು. ಜನರು ಮಠದ ಹೆಸರನ್ನು ಶಾಲೆಗಿಟ್ಟರು. ಅಲ್ಲಿ ಇಂಗ್ಲಿಷು ಚೆನ್ನಾಗಿ ಬರುತ್ತದೆಂಬ ನಂಬಿಕೆ ಬೆಳೆದ ಮೇಲೆ ಇಂಗ್ಲಿಷು ಕಲಿಸುವ ಶಾಲೆಗಳೆಲ್ಲವೂ ಕಾನ್ವೆಂಟುಗಳಾದವು. ನಮ್ಮದೇ ದೇವದೇವತೆಗಳ ಹೆಸರಿನ ಮುಂದೆ 'ಕಾನ್ವೆಂಟ್' ಎಂದು ಬರೆದ ಫಲಕಗಳು ಕರ್ನಾಟಕದ ಊರೂರಿನಲ್ಲಿಯೂ ಕಾಣುತ್ತವೆ. ಮಠವಿಲ್ಲದ ಮಠಗಳು ಎಂದರೆ ಇವೇ ಇರಬೇಕು!

ಮಲೆನಾಡಿಗೆ ಕ್ರೈಸ್ತರ ಪರಿಚಯ ಇಂದು ನಿನ್ನೆಯದಲ್ಲ. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಒಂದು ಕಾಲಕ್ಕೆ ಬಿದನೂರೆಂದು ಮೆರೆದ ನಗರವು ಹೊಸನಗರ ತಾಲ್ಲೂಕಿನಲ್ಲಿದೆ. ಕೆಳದಿಯ ನಾಯಕರ ರಾಜ್ಯವು ಘಟ್ಟದ ಮೇಲೆಯೂ ಕೆಳಗೆಯೂ ಹಬ್ಬಿದ್ದುದರಿಂದ ಕರಾವಳಿಯಲ್ಲಿ ಅವರಿಗೆ ಪೋರ್ಚುಗೀಸರೊಡನೆ ಅಕ್ಕಿ, ಮೆಣಸುಗಳ ವ್ಯಾಪಾರವಿತ್ತು. ಆಗಾಗ ಕಾಳಗವೂ ನಡೆಯುತ್ತಿತ್ತು. ೧೭ನೆಯ ಶತಮಾನದ ಒಪ್ಪಂದಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿ ನೀಡಿದ ಮಾತು ಬರುತ್ತದೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದುದರೊಂದಿಗೆ ಆ ಅಧ್ಯಾಯ ಮುಗಿಯಿತು. ಮುಂದೆ ಕೊಂಕಣಿಯನ್ನಾಡುವ ಕಥೋಲಿಕ ಕುಟುಂಬಗಳು ದುಡಿಮೆಯನ್ನು ಹುಡುಕಿಕೊಂಡು ಕರಾವಳಿಯಿಂದ ಘಟ್ಟವನ್ನೇರಿ ಬಂದವು. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಂಥ ದೊಡ್ಡ ಕಾಮಗಾರಿಗಳು ತಮಿಳು, ಮಲಯಾಳಗಳನ್ನಾಡುವ ಕೂಲಿಕಾರರನ್ನೂ ಇಲ್ಲಿಗೆ ಕರೆತಂದವು. ೧೯೮೮ರಲ್ಲಿ ಶಿವಮೊಗ್ಗವು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.

ಇಂತಹ ಶಾಲೆಗಳ ಕಲಿಸುವ ಕ್ರಮಕ್ಕೆ ಒಂದು ದೀರ್ಘವಾದ ವಂಶಾವಳಿಯುಂಟು. ಯೇಸುಸಭೆಯ ಪಾದ್ರಿಗಳು ೧೫೯೯ರಲ್ಲಿಯೇ ತಮ್ಮ ವಿದ್ಯಾಲಯಗಳಿಗಾಗಿ ಒಂದು ಪಾಠಕ್ರಮವನ್ನು ಗೊತ್ತುಪಡಿಸಿದ್ದರು. ತರಗತಿಯಿಂದ ತರಗತಿಗೆ ಕ್ರಮವಾಗಿ ಏರುವುದು, ಕಲಿತುದನ್ನು ಮತ್ತೆ ಮತ್ತೆ ಒಪ್ಪಿಸುವುದು, ಸಹಪಾಠಿಗಳೊಡನೆ ಸ್ಪರ್ಧಿಸುವುದು ಇವು ಅದರ ಮುಖ್ಯ ಸೂತ್ರಗಳು. ಅದು ದೊಡ್ಡ ಹುಡುಗರಿಗಾಗಿ ಹುಟ್ಟಿದ ಕ್ರಮ. ಚಿಕ್ಕ ಮಕ್ಕಳ ಶಾಲೆಗಳನ್ನು, ವಿಶೇಷವಾಗಿ ಹೆಣ್ಣುಮಕ್ಕಳ ಶಾಲೆಗಳನ್ನು, ಬಹುಮಟ್ಟಿಗೆ ಕಟ್ಟಿದವರು ಭಗಿನಿಯರು. ೧೮೭೦ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯವರು ಮಂಗಳೂರಿಗೆ ಬಂದರು; ೧೮೮೦ರಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು ಅದೇ ಊರಿನಲ್ಲಿ ಸ್ಥಾಪನೆಯಾಯಿತು. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂದು ಕೇಳುವವರು ಹೇರಳವಾಗಿದ್ದ ಕಾಲದಲ್ಲಿ ಅವರ ಕೈಗೆ ಪುಸ್ತಕ ಕೊಟ್ಟ ಈ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ಪಾಟಿಚೀಲದೊಳಗೆ ಇರುವುದೇನು? ಅದರ ಬಹುಭಾಗ ರಾಜ್ಯದ ಎಲ್ಲ ಮಕ್ಕಳ ಚೀಲದಲ್ಲಿಯೂ ಇರುವುದೇ: ಕನ್ನಡ, ಇಂಗ್ಲಿಷು, ಗಣಿತ, ಪರಿಸರ ಅಧ್ಯಯನ. ಸಂವಿಧಾನದ ೩೦ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಸರ್ಕಾರದ ಮನ್ನಣೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸಬಾರದೆಂದು ೨೮ನೆಯ ವಿಧಿಯು ಹೇಳುತ್ತದೆ. ಆದುದರಿಂದ ಇಂಥ ಶಾಲೆಗಳ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಕವಲು ಕಾಣುತ್ತದೆ. ಅದೇ ಗಂಟೆಯಲ್ಲಿ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದರೆ ಉಳಿದವರು ನೀತಿಪಾಠಕ್ಕೆ ಕೂರುತ್ತಾರೆ. ಮಕ್ಕಳ ಬಾಯಲ್ಲಿ ಅದು 'ಮಾರಲ್ ಸೈನ್ಸು'.

ಆದರೆ ಅಚ್ಚಾದ ಪಟ್ಟಿಯಲ್ಲಿ ಕಾಣದ ಪಾಠಗಳೇ ಮಗುವಿನ ಮೇಲೆ ಹೆಚ್ಚಿನ ಮುದ್ರೆಯನ್ನೊತ್ತುತ್ತವೆ. ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರವು ಮೇಲಿನ ಗೆರೆಯನ್ನು ಮೀರದಂತೆ, ಕೆಳಗಿನ ಗೆರೆಗೆ ಜಾರದಂತೆ ಬರೆಯಬೇಕು. ಉಗುರು ಕತ್ತರಿಸಿರಬೇಕು, ಕರವಸ್ತ್ರ ಜೇಬಿನಲ್ಲಿರಬೇಕು. ಊಟದ ಡಬ್ಬಿಯನ್ನು ತೆರೆಯುವ ಮೊದಲು ಕಣ್ಣುಮುಚ್ಚಿ ನಿಲ್ಲಬೇಕು. ಅಡಕೆ ತೋಟದ ಒಡೆಯನ ಮಗಳೂ ಆ ತೋಟದಲ್ಲಿ ದುಡಿಯುವವನ ಮಗನೂ ಒಂದೇ ಬೆಂಚಿನಲ್ಲಿ ಕೂರಬೇಕು. ಅವರ ಅಜ್ಜಂದಿರು ಒಂದೇ ಜಗಲಿಯಲ್ಲಿ ಸಮನಾಗಿ ಕೂತವರಲ್ಲ ಎಂಬುದನ್ನು ನೆನೆದರೆ ಈ ಬೆಂಚು ಎಂಥ ಪಾಠವೆಂಬುದು ತಿಳಿಯುತ್ತದೆ. ಎರಡು ಮನೆಗಳಿಗೂ ಶುಲ್ಕ ಕಟ್ಟುವ ಶಕ್ತಿಯಿದ್ದಾಗ ಮಾತ್ರ ಅದು ನಡೆಯುವ ಪಾಠ ಎಂಬುದೂ ಅಷ್ಟೇ ನಿಜ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಬಡವ ಬಲ್ಲಿದರ ಮಕ್ಕಳೆಲ್ಲ ಒಂದೇ ಬಗೆಯ ಸಮಾನ ಶಾಲೆಗೆ ಹೋಗಬೇಕೆಂದು ವಾದಿಸಿದ್ದು ಇದಕ್ಕಾಗಿಯೇ.

ಮತ್ತೊಂದು ತೊಡಕು ಭಾಷೆಯದು. ಆಗುಂಬೆಯ ಸುತ್ತಿನ ಮಳೆಯಲ್ಲಿ ಬೆಳೆದ ಮಗುವಿಗೆ ಮೊದಲ ವರ್ಷದಲ್ಲಿಯೇ ಮಳೆಯನ್ನು ಆಚೆಗೆ ಅಟ್ಟುವ ಇಂಗ್ಲಿಷ್ ಶಿಶುಪ್ರಾಸವನ್ನು ಬಾಯಿಪಾಠ ಮಾಡಿಸುತ್ತಾರೆ. ಮನೆಯಲ್ಲಿ ಅಪ್ಪನು ಗದ್ದೆಗೆ ಮಳೆ ಸಾಲದೆಂದು ಆಕಾಶವನ್ನು ನೋಡುತ್ತಿರುತ್ತಾನೆ. ಮಳೆ ಹೆಚ್ಚಾದರೆ ಅಡಕೆಗೆ ಕೊಳೆರೋಗ ತಗಲುವುದೆಂದು ಮೈಲುತುತ್ತ, ಸುಣ್ಣಗಳನ್ನು ಕಲಸಿ ಮದ್ದು ಹೊಡೆಸುವ ಚಿಂತೆ. ಮಳೆಯ ಬಗೆಗೆ ಆ ಮನೆಯಲ್ಲಿ ನೂರು ಮಾತುಗಳಿವೆ. ಶಾಲೆಯ ಪದ್ಯದಲ್ಲಿರುವುದು ಒಂದೇ ಮಾತು. ಕನ್ನಡವಾಡಿದ ಮಕ್ಕಳಿಗೆ ದಂಡ ವಿಧಿಸುವ ಶಾಲೆಗಳೂ ಕೆಲವುಂಟೆಂಬ ದೂರು ನಾಡಿನಲ್ಲಿ ಹಳೆಯದು. ಅಂತಹ ಶಾಲೆಗಳಿಗೆ ಯಾವ ಒಂದು ಮತದ ಹೆಸರನ್ನೂ ಹಚ್ಚಬೇಕಾಗಿಲ್ಲ; ಮಠವಿಲ್ಲದ ಕಾನ್ವೆಂಟುಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

೧೯೮೨ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಕನ್ನಡಿಗರು ಬೀದಿಗಿಳಿದರು. ೧೯೯೪ರಲ್ಲಿ ಸರ್ಕಾರವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯೋ ಕನ್ನಡವೋ ಬೋಧನಾಮಾಧ್ಯಮವಾಗಿರಬೇಕೆಂದು ಆಜ್ಞೆ ಹೊರಡಿಸಿತು. ನ್ಯಾಯಾಲಯಗಳಲ್ಲಿ ಎರಡು ದಶಕಗಳ ವಾದವಾದ ಮೇಲೆ, ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆಯು ಪೋಷಕರಿಗೆ ಸೇರಿದ್ದೆಂದು ತೀರ್ಪಿತ್ತಿತು. ೨೦೧೫ರ ಕಾಯಿದೆಯು ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಹೀಗೆ ಕನ್ನಡವು ಚೀಲದಲ್ಲಿ ಉಳಿಯಿತು. ಆದರೆ ಹಲವು ಪುಸ್ತಕಗಳ ನಡುವೆ ಒಂದು ಪುಸ್ತಕವಾಗಿ.

ಈ ಮಣ್ಣಿನಲ್ಲಿ ಈ ಪ್ರಶ್ನೆ ಹಿಂದೆಯೂ ಎದ್ದಿತ್ತು. ಕುಪ್ಪಳಿಯ ಮನೆಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದ ಅಕ್ಷರ ಕಲಿತ ಬಾಲಕನೊಬ್ಬ, ತೀರ್ಥಹಳ್ಳಿಯಲ್ಲಿ ಓದಿ, ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯನ್ನು ಸೇರಿದ. ಅದು ಪ್ರಾಟೆಸ್ಟಂಟರ ಶಾಲೆ. ಅವನ ಮೊದಲ ಕವಿತೆಗಳು ಇಂಗ್ಲಿಷಿನಲ್ಲಿದ್ದವು. ೧೯೨೨ರಲ್ಲಿ ಅವು ಪುಸ್ತಕವಾಗಿಯೂ ಬಂದವು. ನಿನ್ನ ನುಡಿಯಲ್ಲಿ ಬರೆ ಎಂದು ಅವನಿಗೆ ಹೇಳಿದವರು ಕನ್ನಡಿಗರಲ್ಲ. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಆ ಬಾಲಕನೇ ಕುವೆಂಪು. ಇಂಗ್ಲಿಷು ಕಲಿತುದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಆದರೆ ಇಂಗ್ಲಿಷಿಗೆ ಮೊದಲು ಅವರ ಕಿವಿಯಲ್ಲಿ ಕಾಡೂ ಕನ್ನಡವೂ ತುಂಬಿಹೋಗಿದ್ದವು ಎಂಬುದನ್ನು ಮರೆಯಲಾಗದು.

ಹೊಸನಗರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಳೆಗಾಲದ ಸಂಜೆ; ಕರೆಂಟಿಲ್ಲ. ಮೂರನೆಯ ತರಗತಿಯ ಹುಡುಗಿ ಒಲೆಯ ಮುಂದೆ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಾಳೆ. ಅಂದು ನೀತಿಪಾಠದಲ್ಲಿ ಸಿಸ್ಟರು ಒಂದು ಕಥೆ ಹೇಳಿದ್ದಾರೆ: ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನ ಕಥೆ; ದೊಡ್ಡವರೆನಿಸಿಕೊಂಡವರು ನೋಡಿಯೂ ನೋಡದಂತೆ ಹೋದ ಕಥೆ; ಹೊರಗಿನವನೆಂದು ಎಲ್ಲರೂ ಹೀಗಳೆಯುತ್ತಿದ್ದ ಸಮಾರ್ಯದವನೊಬ್ಬ ಗಾಯ ಕಟ್ಟಿ ಕಾಪಾಡಿದ ಕಥೆ. ಸಿಸ್ಟರು ಹೇಳಿದ್ದು ಇಂಗ್ಲಿಷಿನಲ್ಲಿ. ಅಜ್ಜಿಗೆ ಹೇಳಬೇಕಾದದ್ದು ಮನೆಯ ಮಾತಿನಲ್ಲಿ. ಹುಡುಗಿಯು ತಡವರಿಸುತ್ತಾಳೆ. ಯೆರಿಕೋವಿನ ದಾರಿಯನ್ನು ಅಜ್ಜಿ ಕಂಡವಳಲ್ಲ. ಆದುದರಿಂದ ಅದು ಹುಲಿಕಲ್ ಘಾಟಿಯಾಗುತ್ತದೆ. ಛತ್ರಕ್ಕೆ ಮಾತು ಸಿಗದೆ ಪೇಟೆಯ ಹೋಟೆಲಾಗುತ್ತದೆ. ಕತ್ತೆಯ ಜಾಗದಲ್ಲಿ ಎತ್ತಿನ ಗಾಡಿ ಬರುತ್ತದೆ. 'ಸಮಾರ್ಯದವನು' ಎಂದರೆ ಯಾರೆಂದು ಅಜ್ಜಿ ಕೇಳಿದಾಗ ಹುಡುಗಿ ಸ್ವಲ್ಪ ಯೋಚಿಸಿ, "ನಾವು ಒಳಗೆ ಕರೆಯದವರು" ಎನ್ನುತ್ತಾಳೆ.

ಅಜ್ಜಿ ಮಾತಾಡುವುದಿಲ್ಲ. ಒಲೆಯ ಕೊಳ್ಳಿಯನ್ನು ಮುಂದಕ್ಕೆ ನೂಕಿ, ಬಹಳ ಹೊತ್ತಿನ ಮೇಲೆ ಕೇಳುತ್ತಾಳೆ:

"ಕೂಸೆ, ಪೆಟ್ಟು ತಿಂದವ ಕಡೆಗೆ ಮನೆ ಮುಟ್ಟಿದನೇನೆ?"

ಕಥೆಯಲ್ಲಿ ಅದು ಇಲ್ಲ. ಹುಡುಗಿಯು ಚೀಲವನ್ನು ಹತ್ತಿರಕ್ಕೆಳೆದು, ಪುಸ್ತಕವನ್ನು ತೆರೆದು, ದೀಪದ ಬೆಳಕಿಗೆ ಹಿಡಿದು ನೋಡುತ್ತಾಳೆ.

"ನಾಳೆ ಸಿಸ್ಟರನ್ನು ಕೇಳ್ತೇನೆ, ಅಜ್ಜಿ."