ಎರಡೂ ಕೆನ್ನೆಗೆ ಒಂದೇ ಗಾಯ

ವಿಡಿಯೋ ಗೇಮ್ ಪಾತ್ರಗಳ ಮಾಡೆಲ್‌ಗೆ ಹಲವು ಸಲ ಅರ್ಧ ದೇಹದ ಟೆಕ್ಸ್ಚರ್ (ಮೈಮೇಲೆ ಹೊದಿಸುವ ಚಿತ್ರ) ಅಷ್ಟೇ ಬರೆಯಲಾಗುತ್ತದೆ. ಇನ್ನರ್ಧಕ್ಕೆ ಅದೇ ಚಿತ್ರ ತಿರುವುಮುರುವಾಗಿ ಕೂರುತ್ತದೆ. ಮೆಮೊರಿ ಉಳಿಯುತ್ತದೆ. ಆದರೆ ಎಡಗೆನ್ನೆಗೆ ಬರೆದ ಗಾಯ ಬಲಗೆನ್ನೆಯಲ್ಲೂ ಮೂಡುತ್ತದೆ, ಎದೆಯ ಮೇಲಿನ ಅಕ್ಷರಗಳು ಒಂದು ಬದಿಯಲ್ಲಿ ಉಲ್ಟಾ ಆಗುತ್ತವೆ. ಚಪ್ಪಟೆ ಚಿತ್ರಗಳ ಕಾಲದಲ್ಲೂ ಈ ಪೀಡೆ ಇತ್ತು: 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಸಗಾಟ್ ಎಂಬ ಹೋರಾಟಗಾರ ದಿಕ್ಕು ಬದಲಿಸಿದರೆ ಅವನ ಕಣ್ಣುಪಟ್ಟಿಯೂ ಇನ್ನೊಂದು ಕಣ್ಣಿಗೆ ಹಾರುತ್ತಿತ್ತು!

ಇದನ್ನು ಸರಿಪಡಿಸಲು ಇಡೀ ದೇಹದ ಯುವಿ (ಚಿತ್ರದ ಯಾವ ಭಾಗ ಮಾಡೆಲ್‌ನ ಎಲ್ಲಿ ಕೂರಬೇಕೆಂದು ಹೇಳುವ ಚಪ್ಪಟೆ ನಕ್ಷೆ) ಬಿಡಿಸಬೇಕಿಲ್ಲ. ಮುಖದ ಎರಡು ಬದಿಗಳಿಗೆ ಮಾತ್ರ ಬೇರೆ ಬೇರೆ ಜಾಗ ಕೊಟ್ಟು, ಕೈಕಾಲುಗಳನ್ನು ಹಾಗೇ ಬಿಟ್ಟರೆ ಸಾಕು. ಗಾಯ ಒಂದೇ ಇದ್ದರೆ ಇನ್ನೂ ಅಗ್ಗದ ದಾರಿಯಿದೆ: ಪಾರದರ್ಶಕ ಹಿನ್ನೆಲೆಯ ಸಣ್ಣ ತುಣುಕೊಂದರ ಮೇಲೆ ಗಾಯವನ್ನು ಬರೆದು, ಅದನ್ನು ಚರ್ಮಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂರಿಸುವುದು. ತುಣುಕು ಚರ್ಮಕ್ಕೆ ತೀರಾ ಹತ್ತಿರವಾದರೆ ಮಾತ್ರ ದೂರದಿಂದ ನೋಡಿದಾಗ ಮಿಣುಕುತ್ತದೆ.