ಕೊಳದಂಚಿನ ಅನಾಮಧೇಯರು

ಹೊಳೆನರಸೀಪುರದ ನಮ್ಮ ಹಿತ್ತಿಲಲ್ಲಿ, ಒಂದು ಕಾಲಕ್ಕೆ ದನಗಳ ಕುಡಿನೀರಿಗೆಂದು ಕಟ್ಟಿಸಿ ಈಗ ತಾವರೆಗಳ ಪಾಲಾಗಿರುವ ಪುಟ್ಟ ಕೊಳವೊಂದುಂಟು. ಅದರ ದಂಡೆಯಲ್ಲಿ ಕ್ಯಾಮೆರಾ ಹಿಡಿದು ಕುಳಿತು, ಬಂದೆರಗುವ ಕೀಟಗಳ ಚಿತ್ರ ತೆಗೆದು, ರಾತ್ರಿ ದೀಪದ ಬೆಳಕಿನಲ್ಲಿ ಅವುಗಳ ಕುಲಗೋತ್ರಗಳನ್ನು ವಿಚಾರಿಸುವುದು ನನ್ನ ಪರಮಪ್ರಿಯವಾದ ವ್ಯಸನ. ಸಂಜೆಯ ಹೊಂಬಣ್ಣದಲ್ಲಿ ಮಿಂದ ಮನೋಹರ ಚಿತ್ರವು ಗೋಡೆಗೆ ಶೋಭೆಯೇ ಹೊರತು ಪರಿಶೋಧಕನಿಗೆ ನಿರುಪಯೋಗಿ. ಅವನಿಗೆ ಬೇಕಾದುದು ರೆಕ್ಕೆಯ ಬುಡ, ಎದೆಯ ಪಾರ್ಶ್ವ, ಬಾಲದ ತುದಿ ಇವು ಸ್ಫುಟವಾಗಿ ಮೂಡಿದ ನೀರಸ ಚಿತ್ರ.

ಏರೋಪ್ಲೇನ್ ಚಿಟ್ಟೆಯು ರೆಕ್ಕೆಗಳನ್ನು ಚಾಚಿಕೊಂಡೇ ಕೂರುವುದು. ಅದರ ಕೃಶಾಂಗಿ ಸೋದರಿಯರಲ್ಲಿ ಬಹುಮಂದಿ ಅವನ್ನು ಬೆನ್ನ ಮೇಲೆ ಮಡಿಚುವರು, ಕಣ್ಣುಗಳೂ ಒಂದಕ್ಕೊಂದು ದೂರ. ಇಷ್ಟು ಸುಲಭ. ಆದರೆ ಒಂದೇ ಜೊಂಡಿನ ಮೇಲೆ ಸರದಿಯಂತೆ ಕೂರುವ ಎರಡು ಕೆಂಪು ಗಂಡುಗಳಲ್ಲಿ, ನೆತ್ತರುಗೆಂಪಿನ ಬೆನ್ನ ಮೇಲೆ ಸಣ್ಣ ಕರಿಗೆರೆಯುಳ್ಳದ್ದು ಕ್ರೋಕೋಥೆಮಿಸ್ ಸರ್ವಿಲಿಯಾ, ನೇರಿಳೆ ಬೆರೆತ ಕೆಂಪಿನ ಮೈಯೂ ಕೆಂಪು ನರಗಳ ರೆಕ್ಕೆಯೂ ಉಳ್ಳದ್ದು ಟ್ರೈಥೆಮಿಸ್ ಅರೋರಾ ಎಂದು ನಿಶ್ಚಯಿಸುವಷ್ಟರಲ್ಲಿ, ಎರಡರ ಎಳೆಯ ಗಂಡುಗಳೂ ಹೆಣ್ಣುಗಳಂತೆಯೇ ಹಳದಿಯೆಂಬ ಹೊಸ ತೊಡಕು ಎದುರಾಗುತ್ತದೆ.

ಇಂಥ ತೊಡಕುಗಳನ್ನು ಬಿಡಿಸಲೆಂದೇ ಸೈನ್ಯದ ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ 1933, 1934 ಮತ್ತು 1936ರಲ್ಲಿ ಮೂರು ಸಂಪುಟಗಳನ್ನು ಹೊರತಂದರು. ರೆಕ್ಕೆಯ ನರಗಳನ್ನು ಎಣಿಸುತ್ತ, 'ಹೀಗಿದ್ದರೆ ಇತ್ತ, ಇಲ್ಲದಿದ್ದರೆ ಅತ್ತ' ಎಂದು ಓದುಗನನ್ನು ಕವಲಿನಿಂದ ಕವಲಿಗೆ ನಡೆಸುವ ಆ ಗ್ರಂಥದಲ್ಲಿ ಅಲೆಯುತ್ತಿರುವಾಗ, ನಾಮಧೇಯವಿನ್ನೂ ಅನಿಶ್ಚಿತವಾಗಿರುವ ಆ ಹೊತ್ತಿನಷ್ಟು ಸವಿಯಾದುದು, ನನ್ನ ಮಟ್ಟಿಗೆ, ಹೆಸರು ದೊರೆತ ಬಳಿಕವೂ ಇಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಯಾತ್ರಿಕರೆಲ್ಲ ಬೆಟ್ಟದ ಮೇಲಿನ ಗೊಮ್ಮಟನತ್ತ ಕತ್ತೆತ್ತಿರುವಾಗ, ನಾನು ಕಲ್ಯಾಣಿಯ ಕಲ್ಲುಗಳನ್ನೇ ದಿಟ್ಟಿಸುತ್ತ ನಿಂತಿರುವುದುಂಟು. ಬಂಡೆಯ ಕರಿ ಬೂದು ಚುಕ್ಕೆಗಳನ್ನೇ ಮೈಗೆ ಹೊದ್ದು, ರೆಕ್ಕೆಗಳನ್ನು ಕಲ್ಲಿಗೊತ್ತಿ ಕುಳಿತ ಬ್ರಾಡಿನೋಪೈಗ ಜೆಮಿನೇಟವು ಹಾರಿದ ಹೊರತು ಕಾಣದು. ಚಿತ್ರದಲ್ಲಿ ರೆಕ್ಕೆಯಂಚಿನ ಕರಿಯ ಮಚ್ಚೆಯ ಎರಡು ತುದಿಗಳೂ ಬೆಳ್ಳಗಿದ್ದುವಾದರೆ ಸಂದೇಹ ಬೇಡ.

ಮುಂಗಾರಿನ ಕೊನೆಯಲ್ಲಿ ಅರಕಲಗೂಡಿನ ಗದ್ದೆಬಯಲಿನ ಮೇಲೆ ಹಿಂಡುಹಿಂಡಾಗಿ ಸುಳಿಯುವ ಹೊಂಬಣ್ಣದ ಪಾಂಟಾಲ ಫ್ಲಾವೆಸೆನ್ಸ್‌ಗೆ ಗ್ರಂಥವೇ ಬೇಡ. ಮಳೆನೀರಿನ ಹೊಂಡಗಳಲ್ಲಿ ಶೀಘ್ರವಾಗಿ ಬೆಳೆಯುವ ಈ ಪಯಣಿಗನು ಭಾರತದಿಂದ ಮಾಲ್ಡೀವ್ಸ್ ದ್ವೀಪಗಳ ಮೇಲಾಗಿ ಸಮುದ್ರವನ್ನು ದಾಟಿ ಪೂರ್ವ ಆಫ್ರಿಕಾವನ್ನು ಸೇರುವನೆಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು.

ನಮ್ಮ ಕೊಳದ ನಿವಾಸಿಗಳಿಗೆ ಅಷ್ಟು ಮಹತ್ತ್ವಾಕಾಂಕ್ಷೆಯಿಲ್ಲ. ಮೊನ್ನೆ ಪಕ್ಕದ ಮನೆಯ ಅಜ್ಜಿ ಕ್ಯಾಮೆರಾದೊಳಗೆ ಇಣುಕಿ, "ಏನಪ್ಪಾ ಅದು, ಬೆನ್ನ್ ಮೇಲೆ ನುಚ್ಚಕ್ಕಿ ಅಂಟಿಸ್ಕೊಂಡೈತೆ?" ಎಂದರು. ಅದು ಡಿಪ್ಲೋನಿಕಸ್ ಎಂಬ ನೀರುತಿಗಣೆ, ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿಗೇ ಅಂಟಿಸಿ ಹೋಗುತ್ತದೆ, ಮರಿಯಾಗುವವರೆಗೂ ಹೊರುವ ಭಾರ ತಂದೆಯದೇ ಎಂದು ನಾನು ಸವಿಸ್ತಾರವಾಗಿ ನಿರೂಪಿಸಿದೆ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದರು.

"ಗಂಡೇ ಹೊತ್ಕೊಂಡ್ ತಿರುಗ್ತದಾ! ಯಾವೂರ್ದಪ್ಪಾ ಅದು?"